ಹೊನ್ನಾಜಮ್ಮನ ಸುತ್ತು

ನಮ್ಮೂರ ಕೆರೆಯ ಮೇಲೆ ಆಡಿದ ಮಾತು ಆಡಿದ ಜಾಗದಲ್ಲೇ ನಿಂತುಬಿಡುತ್ತದೆ. ಗಾಳಿ ಬೀಸಲಿ, ಮಳೆ ಹೊಯ್ಯಲಿ, ಅದು ಕದಲುವುದಿಲ್ಲ. ದೋಣಿ ಆ ಜಾಗ ದಾಟುವಾಗ ದೋಣಿಯಲ್ಲಿದ್ದವರಿಗೆಲ್ಲ ಅದು ಕೇಳಿಸುತ್ತದೆ, ಆಡಿದವರದೇ ದನಿಯಲ್ಲಿ, ಆಡಿದಾಗ ಇದ್ದ ಸಿಟ್ಟು ಸೆಡವುಗಳ ಸಮೇತ. ಅದಕ್ಕೇ ನಮ್ಮಲ್ಲಿ ದೋಣಿ ಹತ್ತುವವರು ತುಟಿಗಳ ನಡುವೆ ಒಂದು ವೀಳ್ಯದೆಲೆ ಹಿಡಿದುಕೊಂಡೇ ಹತ್ತುತ್ತಾರೆ. ಎಲೆ ಜಾರಿತೆಂದರೆ ಬಾಯಿ ಬಿಟ್ಟಿರಿ ಎಂದರ್ಥ. ಆಚೆ ದಡದಲ್ಲಿ ಇಳಿದ ಮೇಲೆ ಅದೇ ಎಲೆಗೆ ಸುಣ್ಣ ಸವರಿ, ಜಗಿಯುತ್ತ ಮನೆ ಕಡೆ ನಡೆಯುವುದು ರೂಢಿ. ಹಸುಗೂಸುಗಳ ಅಳು ಮಾತ್ರ ಹಾಗೆ ಉಳಿಯುವುದಿಲ್ಲ. ಅದು ಮಾತಿಗಿಂತ ಮುಂಚಿನದು, ನೀರಿಗೆ ಅದರ ಮೇಲೆ ಅಧಿಕಾರವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವರೇ ಹೇಳಿದ ಇನ್ನೊಂದು ಕಟ್ಟು ಇದೆ. ನೀರಿನ ಮೇಲೆ ಕೇಳಿದ್ದನ್ನು ನೆಲದ ಮೇಲೆ ಆಡಬಾರದು.

ಕೆರೆಯ ನಟ್ಟನಡುವೆ ನನ್ನದೊಂದು ಮಾತು ನಿಂತು ಹನ್ನೊಂದು ವರ್ಷವಾಗಿತ್ತು. ಊರಿನವರದು ದೊಡ್ಡ ಮನಸ್ಸು. ಅಂಬಿಗ ಬೋರಯ್ಯ ಆ ಜಾಗ ಹತ್ತಿರವಾಗುತ್ತಲೇ ದೋಣಿಯನ್ನು ತೆಂಕಲಿಗೆ ಹೊರಳಿಸಿ, ಬಂಡೆಗಳ ಪಕ್ಕದಿಂದ ದೊಡ್ಡದೊಂದು ಸುತ್ತು ಹಾಕಿ ಹೋಗುತ್ತಿದ್ದ. ಯಾರೂ ಗೊಣಗುತ್ತಿರಲಿಲ್ಲ. ಆ ಸುತ್ತಿಗೆ ಹೊನ್ನಾಜಮ್ಮನ ಸುತ್ತು ಎಂದೇ ಹೆಸರು ಬಿದ್ದಿತ್ತು. ಹೊನ್ನಾಜಮ್ಮ ಎಂದರೆ ನಾನೇ. ಕೆಲವರ ಹೆಸರು ಬಾವಿಗೆ ಉಳಿಯುತ್ತದೆ, ಕೆಲವರದು ಅರಳಿಕಟ್ಟೆಗೆ. ನನ್ನದು ಒಂದು ಬಳಸುದಾರಿಗೆ ಉಳಿದಿತ್ತು.

ಆದದ್ದು ಇಷ್ಟು. ನಮ್ಮ ಅವ್ವನಿಗೆ ಗಂಡುಮಕ್ಕಳಿಲ್ಲ, ನಾವಿಬ್ಬರೇ ಹೆಣ್ಣುಮಕ್ಕಳು. ನನ್ನನ್ನು ಈ ದಡಕ್ಕೆ ಕೊಟ್ಟರು, ತಂಗಿ ಮಲ್ಲಾಜಮ್ಮನನ್ನು ಆ ದಡಕ್ಕೆ. ಅವ್ವ ಕಣ್ಣು ಮುಚ್ಚುವ ಮುಂಚೆ ಮನೆದೇವರನ್ನು ಇಬ್ಬರಿಗೂ ಒಪ್ಪಿಸಿದಳು. ಅಂಗೈ ಅಗಲದ ಹಿತ್ತಾಳೆ ದೇವಿ. ಯುಗಾದಿಯಿಂದ ಮಹಾನವಮಿವರೆಗೆ ನನ್ನ ಮನೆಯಲ್ಲಿ, ಮಹಾನವಮಿಯಿಂದ ಯುಗಾದಿವರೆಗೆ ಮಲ್ಲಿಯ ಮನೆಯಲ್ಲಿ. ಆ ವರ್ಷ ಯುಗಾದಿ ಬಂತು, ದೇವಿ ಬರಲಿಲ್ಲ. ಬರಿ ಮಣೆಗೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದೆ. ಒಂಬತ್ತು ದಿನ ಕಾದೆ. ಒಂದು ಸುದ್ದಿಯೂ ಇಲ್ಲ. ಹತ್ತನೆಯ ದಿನ ನಾನೇ ದೋಣಿ ಹತ್ತಿ ಆಚೆ ದಡಕ್ಕೆ ಹೋದೆ. ಮಲ್ಲಿ ದೇವಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಆಗ ತಾನೇ ಮೆಟ್ಟಿಲಿಳಿಯುತ್ತಿದ್ದಳು. ಬುಟ್ಟಿಯ ತುಂಬ ಬೇವಿನ ಸೊಪ್ಪು. ಯುಗಾದಿಯ ಬೇವು ಇನ್ನೂ ಹಾಗೇ ಇಟ್ಟಿದ್ದಾಳೆ, ಸೋಮಾರಿ ಎಂದುಕೊಂಡೆ. ಅವಳು ಏನೋ ಹೇಳಲು ಬಂದಳು. ನಾನು ಎಲೆ ತುಟಿಗಿಟ್ಟುಕೊಂಡು ದೋಣಿಯಲ್ಲಿ ಕೂತುಬಿಟ್ಟೆ. ಅವಳೂ ಎಲೆ ಇಟ್ಟುಕೊಂಡು ಎದುರಿಗೆ ಕೂತಳು. ಕೆರೆಯ ನಡುವೆ ಬರುವಷ್ಟರಲ್ಲಿ ಒಂಬತ್ತು ದಿನದ ಸಿಟ್ಟು ಉಕ್ಕಿ ಬಂತು, ಎಲೆ ಜಾರಿತು. "ಇನ್ನು ನಿನ್ನ ಮುಖ ನೋಡಲ್ಲ" ಎಂದೆ. ಅವಳು ಎಲೆ ತೆಗೆಯಲಿಲ್ಲ. ಈ ದಡದಲ್ಲಿ ನಾನು ದೇವಿಯನ್ನು ಎತ್ತಿಕೊಂಡು ಹಿಂದಿರುಗಿ ನೋಡದೆ ಮೆಟ್ಟಿಲು ಹತ್ತಿದೆ. ಅವಳು ಅದೇ ದೋಣಿಯಲ್ಲಿ ವಾಪಸು ಹೋದಳು.

ಆಮೇಲೆ ದೇವಿ ಮಾತ್ರ ತಪ್ಪದೆ ಹೋಗಿ ಬಂದಳು, ಬೋರಯ್ಯನ ಕೈಯಲ್ಲಿ, ವರ್ಷಕ್ಕೆರಡು ಸಲ. ನಾವು ಹೋಗಲಿಲ್ಲ.

ಹೀಗಿರುವಾಗ ಶಿವರಾತ್ರಿಗೆ ಎರಡು ದಿನ ಮುಂಚೆ ಬೋರಯ್ಯ ನಮ್ಮ ಜಗಲಿಗೆ ಬಂದು ಒಂದು ಲಗ್ನಪತ್ರಿಕೆ ಕೊಟ್ಟ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು.

"ಮಲ್ಲವ್ವನ ಮಗಳು ಸುಗುಣಂಗೆ ಮದ್ವೆ, ಹೊನ್ನಕ್ಕ. ಗಂಡು ನಮ್ಮ ದಡದೋನೇ, ಗಾಣದ ಮನೆ ಹುಡುಗ."

"ಸಂತೋಷ. ದೇವಿ ಒಳ್ಳೇದು ಮಾಡ್ಲಿ" ಎಂದೆ.

"ಹೆಣ್ಣಿನೋರು ದೊಡ್ಡ ದೋಣೀಲಿ ಬತ್ತಾರೆ. ನಲವತ್ತು ಜನ."

"ಬರ್ಲಿ ಬಿಡು."

ಅವನು ಹೋಗಲಿಲ್ಲ. ಕಂಬಕ್ಕೆ ಒರಗಿ ತಲೆ ಕೆರೆದುಕೊಂಡ. "ಈ ಸಲ ನೀರು ಬೋ ಇಳಿದೈತೆ ಅಕ್ಕ. ಚೈತ್ರ ಬಹುಳದ ಹೊತ್ಗೆ ಬಂಡೆಗಳೆಲ್ಲ ತಲೆ ಎತ್ತವೆ. ನಿನ್ನ ಸುತ್ತು ಹಾಕಕ್ಕಾಗಾಕಿಲ್ಲ. ದೊಡ್ಡ ದೋಣಿ ನೆಟ್ಟಗೆ ನಡೂಮಧ್ಯದಾಗೇ ಬರಬೇಕಾಯ್ತದೆ."

ನನಗೆ ಅರ್ಥವಾಯಿತು. ಧಾರೆ ಸೀರೆ ಮಡಿಲಲ್ಲಿಟ್ಟುಕೊಂಡು ಬರುವ ಹೆಣ್ಣು. ನಾನು ಕಂಡಾಗ ಒಂಬತ್ತು ವರ್ಷದ ಮಗು, ಈಗ ಇಪ್ಪತ್ತು. ಅವಳು ಗಂಡನ ಊರಿಗೆ ಬರುವ ದಾರಿಯಲ್ಲಿ ದೊಡ್ಡಮ್ಮನ ದನಿ ಅವಳ ಕಿವಿಗೆ ಬೀಳುತ್ತದೆ. ಇನ್ನು ನಿನ್ನ ಮುಖ ನೋಡಲ್ಲ. ಅದು ಅವಳಿಗೆ ಆಡಿದ್ದಲ್ಲ ಎಂದು ಯಾರು ತಿಳಿಸಿ ಹೇಳುತ್ತಾರೆ? ತಿಳಿಸಿದರೂ, ಅಂಥ ಹೊತ್ತಿನಲ್ಲಿ ಕಿವಿಗೆ ಬಿದ್ದ ಮಾತು ಜನ್ಮಪೂರ್ತಿ ಕಿವಿಯಲ್ಲೇ ಇರುತ್ತದೆ.

"ಆಡಿದೋರೇ ಹೋಗಿ ತೆಗೀಬೇಕು" ಎಂದ ಬೋರಯ್ಯ. ಅದು ನನಗೂ ಗೊತ್ತಿತ್ತು. ಮಾತು ಆಡಿದವರು ತಾವೇ ದೋಣಿ ನಡೆಸಿಕೊಂಡು ಹೋಗಿ, ತಮ್ಮ ಕೈಯ ಹುಟ್ಟಿನಿಂದ ಆ ಜಾಗದ ನೀರನ್ನು ಮೂರು ಸಲ ಎಳೆದರೆ ಮಾತು ಕರಗುತ್ತದೆ. ಬೇರೆಯವರ ಕೈಗೆ ಅದು ಜಗ್ಗುವುದಿಲ್ಲ. ಅದಕ್ಕೆಂದೇ ನಮ್ಮ ಕೆರೆ ಸಂಘದವರು ವರ್ಷಕ್ಕೊಮ್ಮೆ, ಶಿವರಾತ್ರಿಯ ಮಾರನೆಯ ಬೆಳಿಗ್ಗೆಯಿಂದ ಒಂದು ಮಂಡಲ, ನಲವತ್ತೆಂಟು ದಿನ, ಹುಟ್ಟು ಹಾಕುವ ಪಾಠ ನಡೆಸುತ್ತಾರೆ. ಕಲಿಸುವವನು ಬೋರಯ್ಯನೇ.

"ಐವತ್ತೆಂಟಕ್ಕೆ ಹುಟ್ಟು ಹಿಡೀಲೇನೋ?"

"ಹುಟ್ಟಕ್ಕೆ ವಯಸ್ಸು ಯಾರ್ ಕೇಳ್ತಾರೆ ಅಕ್ಕ" ಎಂದು ನಕ್ಕ. "ಒಂದು ಕಂಬಳಿ ತುಂಡು ತಗಂಬಾ, ಕೂರಕ್ಕೆ. ಎಲೆ ನಿಂದೇ."

ಆ ವರ್ಷ ಪಾಠಕ್ಕೆ ಏಳು ಜನ ಸೇರಿದ್ದೆವು. ಅಲ್ಲಿ ಯಾರು ಯಾವ ಮಾತಿಗಾಗಿ ಬಂದರೆಂದು ಯಾರೂ ಕೇಳುವುದಿಲ್ಲ. ದರ್ಜಿ ಮರುಳಯ್ಯನವರ ವಿಷಯ ಮಾತ್ರ ಎಲ್ಲರಿಗೂ ಗೊತ್ತಿತ್ತು, ಅವರ ಹೆಂಡತಿ ಗೌರಮ್ಮ ದಿನಾ ಕಾಫಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕಾವಲು ಕೂರುತ್ತಿದ್ದುದರಿಂದ. ಮದುವೆಗೆ ಮುಂಚೆ ಒಂದು ಸಂಜೆ ಮರುಳಯ್ಯ ಕೆರೆಯ ಮೂಡಣ ಮೂಲೆಯಲ್ಲಿ "ಪಾರ್ವತೀ" ಎಂದು ಕರೆದಿದ್ದರು. ಮೂವತ್ತೆರಡು ವರ್ಷದಿಂದ ಆ ಕೂಗು ಅಲ್ಲೇ ಇತ್ತು.

"ಗೌರೀನೂ ಪಾರ್ವತೀನೂ ಒಬ್ಬಳೇ ಅಲ್ವೇನೇ? ಪುರಾಣ ಓದಿಲ್ವಾ ನೀನು?" ಎಂದು ಅವರು ಮೊದಲ ದಿನವೇ ವಾದಿಸಿದರು.

"ನಾನು ಓದಿದೀನಿ. ಕರೆದಾಗ ನೀವು ಓದಿರ್ಲಿಲ್ಲ" ಎಂದರು ಗೌರಮ್ಮ. "ಹತ್ತಿ ದೋಣಿ."

ಮೊದಲ ವಾರ ನೀರಿಗೇ ಇಳಿಸಲಿಲ್ಲ. ಮರಳಿನ ಮೇಲೆ ಕಟ್ಟಿಹಾಕಿದ ಹಳೆಯ ದೋಣಿಯಲ್ಲಿ ಕೂತು ಬರಿ ಗಾಳಿಯನ್ನು ಎಳೆದೆವು. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ನನಗೆ ಅದೇ ಒಗ್ಗಲಿಲ್ಲ.

"ಕಾಣದ ಕಡೆಗೆ ಹೆಂಗಪ್ಪಾ ಹೋಗೋದು?" ಎಂದೆ.

"ನಾನು ಎದುರಿಗೆ ಕೂತಿರ್ತೀನಲ್ಲ. ನನಗೆ ಕಾಣ್ತದೆ. ನೀನು ನನ್ನ ಮುಖ ನೋಡ್ಕಂಡು ಎಳಿ."

ದೇವರನ್ನು ನಂಬುವುದೂ ಇಷ್ಟೇ ಇರಬಹುದು ಎಂದು ಆಮೇಲೆ ಅನ್ನಿಸಿತು. ಆಗ ಅನ್ನಿಸಿದ್ದು ಸೊಂಟ ನೋವು ಮಾತ್ರ. ನಾನು ಮಠದ ದಾಸೋಹದ ಮನೆಯಲ್ಲಿ ಮೂವತ್ತು ವರ್ಷ ಮುದ್ದೆ ತೊಳಸಿದವಳು. ಕೋಲು ಕೈಗೆ ಬಂದರೆ ಸಾಕು, ಅದು ತಾನಾಗಿ ಸುತ್ತ ತಿರುಗುತ್ತದೆ. ನೀರಿಗಿಳಿದ ದಿನ ನಾನು ಹುಟ್ಟನ್ನೂ ಹಾಗೇ ತಿರುವಿದೆ. ದೋಣಿ ಮುಂದೆ ಹೋಗದೆ ನಿಂತಲ್ಲೇ ಗಿರಗಿರನೆ ಸುತ್ತಿತು. ನೀರಿನ ಮೇಲೆ ಬೋರಯ್ಯ ಮಾತಾಡುವಂತಿಲ್ಲ. ಬೆರಳ ಗೆಣ್ಣಿನಿಂದ ಹಲಗೆ ತಟ್ಟುತ್ತಾನೆ, ಒಂದು ತಟ್ಟಿದರೆ ಎಳೆಯಬೇಕು, ಎರಡು ತಟ್ಟಿದರೆ ನಿಲ್ಲಿಸಬೇಕು. ಅವತ್ತು ಅವನು ಎರಡು ತಟ್ಟಿ ತಟ್ಟಿ ಸುಸ್ತಾಗಿ, ದಡಕ್ಕೆ ಬಂದ ಮೇಲೆ ಎಲೆ ತೆಗೆದು, "ಅಕ್ಕ, ಕೆರೇನ ಮುದ್ದೆ ಕಟ್ಟಬ್ಯಾಡ. ಅಷ್ಟು ಉಣ್ಣೋರು ನಮ್ಮೂರಾಗಿಲ್ಲ" ಎಂದ.

ಮೆಟ್ಟಿಲ ಹತ್ತಿರದ ನೀರಿನಲ್ಲಿ ಕಲಿಯುವವರ ಮಾತುಗಳು ಸೊಳ್ಳೆ ಹಿಂಡಿನ ಹಾಗೆ ನೆರೆದಿವೆ. ಎಷ್ಟೋ ವರ್ಷಗಳಿಂದ ಬಂದವರು ಬಿಟ್ಟು ಹೋದದ್ದು. ಅಯ್ಯಪ್ಪಾ ಎಂದು ಒಂದು ಗಂಡುದನಿ, ಶಿವನೇ ಎಂದು ಒಂದು ಮುದಿದನಿ, ಭುಜ ಭುಜ ಎಂದು ಯಾರೋ, ನಾನಿನ್ನು ಬರಲ್ಲ ಎಂದು ಇನ್ಯಾರೋ. ಹತ್ತನೆಯ ದಿನ ಹುಟ್ಟಿನ ಹಿಡಿ ಬಂದು ಮೊಣಕಾಲಿಗೆ ಬಡಿದಾಗ ನನ್ನ ಎಲೆಯೂ ಜಾರಿ, "ಅವ್ವಾ" ಎಂಬುದು ಆ ಹಿಂಡಿಗೆ ಸೇರಿತು. ಅದನ್ನು ಯಾರೂ ತೆಗೆಯುವುದಿಲ್ಲ. ಹೊಸಬರಿಗೆ ಅದೇ ಧೈರ್ಯ ಎಂದು ಬೋರಯ್ಯನ ಅಂಬೋಣ.

ಯುಗಾದಿಯ ಹೊತ್ತಿಗೆ ನನ್ನ ಅಂಗೈಯ ಗುಳ್ಳೆಗಳೆಲ್ಲ ಒಡೆದು ಹಸಿಹಸಿಯಾಗಿದ್ದವು. ಒಂದು ತಿಂಗಳಲ್ಲಿ ನಾನು ಸರಿಯಾಗಿ ಎಳೆದದ್ದು ಹತ್ತು ಮಾರು ದೂರವೂ ಇಲ್ಲ. ಕೆರೆಯ ನಡುಮಧ್ಯವೋ, ದಡದಲ್ಲಿ ನಿಂತರೆ ಅಲ್ಲಿ ಹಾರುವ ಬೆಳ್ಳಕ್ಕಿ ಕೂಡ ಕಾಣುವುದಿಲ್ಲ. ಹಬ್ಬದ ಹಿಂದಿನ ದಿನ ಬೋರಯ್ಯ ಆಚೆ ದಡದಿಂದ ದೇವಿಯನ್ನು ತಂದು ಮಣೆಯ ಮೇಲಿಟ್ಟಾಗ ಬಾಯಿಬಿಟ್ಟು ಹೇಳಿಬಿಟ್ಟೆ.

"ನನ್ನ ಕೈಲಾಗಲ್ಲ ಬೋರ. ಬೇರೆ ಏನಾದ್ರೂ ದಾರಿ ಇದ್ರೆ ಹೇಳು. ಮದುವಣಗಿತ್ತಿ ಕಿವಿಗೆ ಹತ್ತಿ ಇಟ್ರೆ?"

"ನಲವತ್ತು ಜನದ ಕಿವಿಗೂ ಇಡಬೇಕಾಯ್ತದೆ. ಮದ್ವೆ ದಿಬ್ಬಣವೋ, ಕಿವಿ ಸೋರೋರ ದಿಬ್ಬಣವೋ ಅಂದಾರು."

"ತಮಾಷೆ ಸಾಕು. ನಾಳೆಯಿಂದ ಬರಲ್ಲ ನಾನು."

ಬೋರಯ್ಯನ ಮುಖ ಗಂಭೀರವಾಯಿತು. ಬಾಗಿಲವರೆಗೆ ಹೋದವನು ತಿರುಗಿ ಬಂದ. "ಅಲ್ಲಿ ನಿನ್ನ ಮಾತೊಂದೇ ಇಲ್ಲ ಅಕ್ಕ" ಎಂದು ಶುರುಮಾಡಿದವನು ಹಾಗೇ ತುಟಿ ಕಚ್ಚಿಕೊಂಡ. ಅರವತ್ತು ವರ್ಷದ ಅಂಬಿಗ, ನೆಲದ ಮೇಲೆ ನೀರಿನ ಮಾತು ಆಡಲು ಹೊರಟದ್ದು ಅದೇ ಮೊದಲಿರಬೇಕು. ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡು ದೇವಿಗೆ ಕೈಮುಗಿದ. "ನಾನೇನೂ ಅಂದಿಲ್ಲ. ಒಂದು ಹೇಳ್ತೀನಿ. ಹೆಂಗಾದ್ರೂ ಮಾಡಿ ನೀನು ಅಲ್ಲಿಗೆ ಹೋಗಬೇಕು. ಮದ್ವೆ ಇಲ್ದೇ ಇದ್ರೂ ಹೋಗಬೇಕು."

ಅವನು ಹೋದ ಮೇಲೆ ದೇವಿಯ ಮುಂದೆ ಬಹಳ ಹೊತ್ತು ಕೂತೆ. ಅಂಗೈ ಅಗಲದ ತಾಯಿ, ಹನ್ನೊಂದು ವರ್ಷದಲ್ಲಿ ಇಪ್ಪತ್ತೆರಡು ಸಲ ಆ ಸುತ್ತು ಹಾಕಿದ್ದಾಳೆ. ಅವಳಿಗೆ ಬಳಸುದಾರಿ ಯಾಕೆ ಬೇಕಿತ್ತು? ನನ್ನ ಸಿಟ್ಟನ್ನು ನಾನು ಹೊತ್ತೆ ಎಂದುಕೊಂಡಿದ್ದೆ. ಹೊತ್ತವರು ಬೇರೆ. ಊರಿಗೆ ಊರೇ ಹೊತ್ತಿತ್ತು, ದೇವಿಯೂ ಹೊತ್ತಿದ್ದಳು, ಒಂದು ಮಾತೂ ಆಡದೆ. ಅಂಗೈಗೆ ಹರಳೆಣ್ಣೆ ಸವರಿ ಹಳೆಯ ಸೀರೆಯ ಚೂರು ಸುತ್ತಿಕೊಂಡು ಮಲಗಿದೆ. ಬೆಳಿಗ್ಗೆ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು, ಎಲ್ಲರಿಗಿಂತ ಮುಂಚೆ ಮೆಟ್ಟಿಲ ಮೇಲಿದ್ದೆ.

ಅವತ್ತಿನಿಂದ ಒಂದು ಉಪಾಯ ಮಾಡಿದೆ. ಹುಟ್ಟನ್ನು ನೀರಿಗೆ ಅದ್ದುವಾಗ ಮನಸ್ಸಿನಲ್ಲೇ "ಶಿ" ಎನ್ನುವುದು, ಎಳೆಯುವಾಗ "ವ" ಎನ್ನುವುದು. ತೊಳಸುವ ಚಪಲ ನಿಧಾನವಾಗಿ ಬಿಟ್ಟುಹೋಯಿತು. ದೇವರ ಹೆಸರು ಸುತ್ತುವುದಿಲ್ಲ, ಅದು ನೆಟ್ಟಗೆ ಹೋಗುತ್ತದೆ. ಒಂದು ಬೆಳಿಗ್ಗೆ ಬೋರಯ್ಯ ತಟ್ಟುವುದನ್ನೇ ನಿಲ್ಲಿಸಿ ಸುಮ್ಮನೆ ಕೂತಿದ್ದ. ನೋಡಿದರೆ ಮೆಟ್ಟಿಲುಗಳು ಅಷ್ಟು ದೂರದಲ್ಲಿ, ಬೆಂಕಿಕಡ್ಡಿ ಜೋಡಿಸಿಟ್ಟ ಹಾಗೆ ಕಾಣುತ್ತಿದ್ದವು. ಅಷ್ಟು ದೂರ ತಂದದ್ದು ನನ್ನ ಕೈ. ನಗು ಬಂತು, ಎಲೆ ಜಾರದ ಹಾಗೆ ಮೂಗಿನಲ್ಲೇ ನಕ್ಕೆ.

ಆ ವಾರವೇ ಮರುಳಯ್ಯನವರು ಮೂಡಣ ಮೂಲೆಗೆ ಹೋಗಿ ಪಾರ್ವತಿಯನ್ನು ಕರಗಿಸಿ ಬಂದರು. ದಡದಲ್ಲಿ ಎದೆಯುಬ್ಬಿಸಿ ನಿಂತರು. ಗೌರಮ್ಮ ಕಾಫಿ ಕೊಟ್ಟು, "ಅಷ್ಟು ದೂರ ಹೋದೋರು ಒಂದ್ಸಲ ನನ್ನ ಹೆಸರು ಕರೆದು ಬರಬಾರದಾಗಿತ್ತಾ?" ಎಂದರು. ಮರುಳಯ್ಯ ಅರ್ಧ ಕಾಫಿ ಅಲ್ಲೇ ಇಟ್ಟು ಮತ್ತೆ ದೋಣಿ ಹತ್ತಿದರು.

ನಲವತ್ತೆಂಟನೆಯ ದಿನ ನನ್ನ ಸರದಿ. ಮದುವೆಗೆ ಮೂರು ದಿನ ಉಳಿದಿತ್ತು. ಸೂರ್ಯ ಇನ್ನೂ ಕೆಂಪಗಿರುವಾಗಲೇ ಹೊರಟೆವು, ನಾನು ಮತ್ತು ಬೋರಯ್ಯ. ಅವನ ಮುಖ ನೋಡಿಕೊಂಡು ಎಳೆದೆ. ಬಂಡೆಗಳು ಎಡಗಡೆಯಲ್ಲಿ ಮೈ ತೋರಿಸುತ್ತ ಹಿಂದೆ ಸರಿದವು. ಬೋರಯ್ಯನ ಕಣ್ಣು ನನ್ನ ಹೆಗಲಾಚೆ ಎಲ್ಲೋ ನೆಟ್ಟಿತು. ಬಂತು ಎಂದು ಗೊತ್ತಾಯಿತು. ನನ್ನದೇ ದನಿಗೆ ಎದೆ ಗಟ್ಟಿ ಮಾಡಿಕೊಂಡೆ.

ಕೇಳಿದ್ದು ನನ್ನ ದನಿಯಲ್ಲ.

"ಅಕ್ಕ, ಸುಗುಣಂಗೆ ಗಂಡು ಗೊತ್ತಾಯ್ತು. ನಿಮ್ಮ ದಡದಲ್ಲೇ. ಅವಳಾದ್ರೂ ನಿನ್ನ ಹತ್ತಿರ ಇರ್ತಾಳೆ."

ಕೈ ನಿಂತಿತು. ಬೋರಯ್ಯ ಮೆಲ್ಲಗೆ ಒಂದು ತಟ್ಟಿದ. ಎಳೆದೆ.

"ಅಕ್ಕ, ಮಂಡಿನೋವಂತೆ, ಬೋರಣ್ಣ ಹೇಳ್ದ. ಎಕ್ಕದೆಲೆ ಬಿಸಿ ಮಾಡಿ ಕಟ್ಟು."

ಇನ್ನೊಂದು ಎಳೆತ. "ಅಕ್ಕ, ಹುಳಿಮಜ್ಜಿಗೆಗೆ ಅವ್ವ ಕೊನೇಲಿ ಏನೋ ಹಾಕ್ತಿದ್ದಳಲ್ಲ, ಏನದು? ನಂಗೆ ಮರ್ತೇ ಹೋಗಿದೆ."

"ಅಕ್ಕ, ಊಟ ಆಯ್ತಾ?" ಅದರ ಹಿಂದೆ ಮುಂದೆ ಏನೂ ಇಲ್ಲ, ಅಷ್ಟೇ.

"ಅಕ್ಕ, ನಿಮ್ಮ ಕಡೆ ಮಳೆ ಬಂತಾ? ಇಲ್ಲಿ ಬರೀ ಮೋಡ."

ಒಂದೊಂದು ಎಳೆತಕ್ಕೂ ಮಲ್ಲಿಯ ದನಿ ಎಳೆಯದಾಗುತ್ತ ಬಂತು. ಅವಳ ಗಂಡ ಮೀನಿನ ಬಲೆ ಹಾಕುವವನು, ಅವನ ದೋಣಿಯಲ್ಲಿ ಬಂದು ಬಂದು, ಎಲೆ ತೆಗೆದು, ಬೇಕೆಂದೇ ಇಟ್ಟು ಹೋದ ಮಾತುಗಳು. ನಾನು ಬಳಸಿ ಓಡಾಡಿದ ಜಾಗಕ್ಕೆ ಅವಳು ಹುಡುಕಿಕೊಂಡು ಬಂದಿದ್ದಳು. ಕಡೆಯದು ಎಲ್ಲಕ್ಕಿಂತ ಹಳೆಯದು, ಅಳುತ್ತ ಆಡಿದ್ದು.

"ಅಕ್ಕ, ಮಗೂಗೆ ಮೈಮೇಲೆ ಅಮ್ಮ ಆಗಿತ್ತು. ಅಮ್ಮ ಇರೋ ಮನೆಯಿಂದ ದೇವೀನ ಕದಲಿಸಬಾರದು, ಸುದ್ದೀನೂ ಕಳಿಸಬಾರದು ಅಂದ್ರು ನಮ್ಮತ್ತೆ. ಅವತ್ತು ಹೇಳೋಣ ಅಂದ್ರೆ ಬಾಯಲ್ಲಿ ಎಲೆ ಇತ್ತು."

ಬುಟ್ಟಿಯ ತುಂಬ ಇದ್ದ ಆ ಬೇವು. ಸಿಡುಬೆದ್ದ ಮಗುವಿನ ಹಾಸಿಗೆಯ ಸುತ್ತ ಇಡುವ ಬೇವು. ಯುಗಾದಿಯ ಬೇವು ಒಂಬತ್ತು ದಿನ ಹಸಿರಾಗಿರುತ್ತದೆಯೇ? ನಲವತ್ತೇಳು ಯುಗಾದಿ ಕಂಡಿದ್ದ ನನಗೆ ಅಷ್ಟು ತೋಚಿರಲಿಲ್ಲ.

ಆಮೇಲೆ ನನ್ನ ದನಿ ಬಂತು. "ಇನ್ನು ನಿನ್ನ ಮುಖ ನೋಡಲ್ಲ." ಹನ್ನೊಂದು ವರ್ಷ ಚಿಕ್ಕವಳ ದನಿ. ಅದನ್ನು ಕೇಳಿ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ, ಕನಿಕರ ಬಂತು. ಹುಟ್ಟನ್ನು ಆಳಕ್ಕೆ ಅದ್ದಿ ಎಳೆದೆ. ಮಾತು ಸಣ್ಣಗಾಯಿತು. ಇನ್ನೊಮ್ಮೆ ಎಳೆದೆ, ಗೊಣಗಿನಷ್ಟಾಯಿತು. ಮೂರನೆಯ ಸಲಕ್ಕೆ ಬರಿ ನೀರಿನ ಸದ್ದು.

ಬೋರಯ್ಯ ದೋಣಿ ತಿರುಗಿಸುವಂತೆ ಸನ್ನೆ ಮಾಡಿದ. ನಾನು ತಿರುಗಿಸಿದೆ. ತಿರುಗಿಸಿ, ಎಲೆಯನ್ನು ಕೈಯಾರೆ ತೆಗೆದು ಸೆರಗಿಗೆ ಸಿಕ್ಕಿಸಿಕೊಂಡೆ. ಬೋರಯ್ಯ ಹುಬ್ಬು ಗಂಟಿಕ್ಕಿದ, ಆಮೇಲೆ ಮುಖ ತಿರುಗಿಸಿ ಬೆಳ್ಳಕ್ಕಿಗಳನ್ನು ನೋಡುತ್ತ ಕೂತ. ಹಿಂದಕ್ಕೆ ಬರುವ ದಾರಿಯಲ್ಲಿ ಒಂದೊಂದು ಮಾತಿನ ಪಕ್ಕದಲ್ಲೂ ದೋಣಿ ನಿಲ್ಲಿಸಿದೆ.

"ಸುದ್ದಿ ಇವತ್ತು ಮುಟ್ಟಿತು ಮಲ್ಲಿ. ತಪ್ಪು ನಂದು" ಎಂದೆ. ಒಂದು ಎಳೆತ ಮುಂದೆ ಬಂದು, "ಮಳೆ ಬಂತು. ಆ ವರ್ಷ ತಡವಾಗಿ ಬಂತು, ಆದ್ರೂ ಕೆರೆ ಕೋಡಿ ಬಿತ್ತು" ಎಂದೆ. "ಆಯ್ತು ಕಣೆ ಊಟ. ನಿಂದು?" ಎಂದೆ. "ಮೆಂತ್ಯ. ಹುರಿದು ಪುಡಿ ಮಾಡಿ, ಒಲೆಯಿಂದ ಇಳಿಸಿದ ಮೇಲೆ." ಮಂಡಿಯ ಮಾತಿನ ಪಕ್ಕದಲ್ಲಿ, "ಹುಟ್ಟು ಹಾಕಿ ಹಾಕಿ ನೋವು ಮಂಡಿ ಬಿಟ್ಟು ಭುಜಕ್ಕೆ ಹತ್ತಿದೆ. ಎಕ್ಕದೆಲೆ ಅಲ್ಲಿಗೂ ಆಗ್ತದಾ?" ಎಂದೆ. ಕಡೆಗೆ ಸುಗುಣನ ಸುದ್ದಿಯ ಪಕ್ಕದಲ್ಲಿ ಹುಟ್ಟನ್ನು ಮಡಿಲಿಗೆ ಎತ್ತಿಟ್ಟುಕೊಂಡೆ. "ಕಳಿಸು ಅವಳನ್ನ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ" ಎಂದೆ.

ಮದುವೆಯ ಬೆಳಿಗ್ಗೆ ನಮ್ಮ ದಡದ ಮೆಟ್ಟಿಲ ತುಂಬ ಜನ. ಗಂಡಿನ ಕಡೆಯವರು, ವಾಲಗದವರು, ಪಾಠದ ಆರೂ ಜನ. ನಾನು ಆರತಿ ತಟ್ಟೆ ಹಿಡಿದು ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದೆ. ದೊಡ್ಡ ದೋಣಿ ಚುಕ್ಕಿಯ ಹಾಗೆ ಕಂಡಿತು, ಬೆಳೆಯುತ್ತ ಬಂತು. ಅದು ನಡುಮಧ್ಯದಲ್ಲಿ ನೆಟ್ಟಗೇ ಬಂತು, ಎಲ್ಲೂ ಹೊರಳಲಿಲ್ಲ. ಒಂದು ಜಾಗದಲ್ಲಿ ಮಾತ್ರ ಬಹಳ ನಿಧಾನವಾಯಿತು. ಅಲ್ಲಿಂದ ಇಲ್ಲಿಗೆ ಏನು ಕೇಳಬೇಕು? ಹತ್ತಿರ ಬಂದಾಗ ನೋಡಿದೆ. ನಲವತ್ತು ಜನರ ತುಟಿಯಲ್ಲೂ ಹಸಿರು ಎಲೆ, ಎಲೆಯ ಮೇಲೆ ಕಣ್ಣುಗಳು. ಕೆಲವು ಒದ್ದೆಯಾಗಿದ್ದವು, ಕೆಲವು ನಗುತ್ತಿದ್ದವು. ಒಬ್ಬ ಮುದುಕಿಯಂತೂ ಭುಜ ಮುಟ್ಟಿಕೊಂಡು ನನ್ನತ್ತ ಕೈ ಮಾಡಿ ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು. ಎಕ್ಕದೆಲೆ ಅಲ್ಲಿಗೂ ಆಗುತ್ತದಂತೆ.

ಸುಗುಣ ಇಳಿದಳು. ಎಷ್ಟು ಎತ್ತರ ಬೆಳೆದಿದ್ದಾಳೆ. ಕೆನ್ನೆಯ ಮೇಲೆ ಅಮ್ಮ ಬಿಟ್ಟು ಹೋದ ಎರಡು ಕಲೆ. ಬಗ್ಗಿ ನನ್ನ ಕಾಲು ಮುಟ್ಟಿದಳು. ಅವಳ ಗಲ್ಲ ಹಿಡಿದೆತ್ತಿ ಮುಖವನ್ನು ಕಣ್ತುಂಬ ನೋಡಿದೆ.

ಕಡೆಯಲ್ಲಿ ಮಲ್ಲಿ ಇಳಿದಳು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಎಲೆ ತೆಗೆದಳು. ಹನ್ನೊಂದು ವರ್ಷದ ಮೇಲೆ ಏನು ಹೇಳುತ್ತಾಳೋ ಎಂದು ನಾನು ನಿಂತೇ ಇದ್ದೆ.

"ಒಂದಕ್ಕೆ ಉತ್ತರಾನೇ ಕೊಟ್ಟಿಲ್ಲವಲ್ಲಕ್ಕ ನೀನು" ಎಂದಳು.

"ಎಲ್ಲಕ್ಕೂ ಕೊಟ್ಟೆ ಕಣೆ. ಒಂದೊಂದಕ್ಕೂ ನಿಂತು ನಿಂತು ಕೊಟ್ಟಿದೀನಿ."

"ಇಲ್ಲ. ಇನ್ನೊಂದಿತ್ತು, ನಮ್ಮ ದಡದ ಕಡೆಗೆ. ನೀನು ನಡೂಮಧ್ಯಕ್ಕೆ ಬಂದು ಹಂಗೇ ತಿರುಗಿಬಿಟ್ಟಿದೀಯ. ಆ ಕಡೆ ದಾಟೇ ಇಲ್ಲ."

"ಏನು ಕೇಳಿದ್ದೆ? ಈಗ ಹೇಳು."

"ಈಗ ಯಾಕೆ ಹೇಳ್ಲಿ?" ಎಂದಳು ಮಲ್ಲಿ. ನನ್ನ ಕೈಯಿಂದ ಆರತಿ ತಟ್ಟೆ ತೆಗೆದುಕೊಂಡು, ಒಡೆದು ಗಟ್ಟಿಯಾದ ನನ್ನ ಅಂಗೈಯನ್ನು ತಿರುಗಿಸಿ ನೋಡಿ, ಅದರ ಮೇಲೆ ತನ್ನ ಅಂಗೈ ಇಟ್ಟಳು. "ನಮ್ಮನೆಗೆ ಬರುವಾಗ ದಾರೀಲೇ ಸಿಗ್ತದೆ."